ಅರಬೈಲ್ ಘಟ್ಟ ಹತ್ತುವ ಮೀನುಗಾಡಿಗೆ ಕೋಲ್ಡ್ ಏರ್ ಇಂಟೇಕ್: ಕೊಳ್ಳುವುದೋ, ಮಾಡಿಸುವುದೋ?

ಕೆಎ-30 ಮೀನುಗಾಡಿ, ಕಾರವಾರ
ಜೂನ್ 19

ಎಲ್ಲರಿಗೂ ನಮಸ್ಕಾರ. ಬೈತಖೋಲ ಬಂದರಿನಿಂದ ಹುಬ್ಬಳ್ಳಿಗೆ ಮೀನು ಸಾಗಿಸುವವ ನಾನು. ಗಾಡಿ 2018ರ ಬಿಎಸ್4 ಪಿಕಪ್. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವುದು ಟರ್ಬೊ), ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದೆ. ಓಡಿದ್ದು 2 ಲಕ್ಷದ 14 ಸಾವಿರ ಕಿಲೋಮೀಟರ್. ಈಗ ಜೂನ್, ಜುಲೈ ಎರಡು ತಿಂಗಳು ಟ್ರಾಲರುಗಳಿಗೆ ನಿಷೇಧ. ಆಗಸ್ಟ್ ಒಂದರವರೆಗೆ ಗಾಡಿಗೆ ಪೂರ್ತಿ ಕೆಲಸ ಇಲ್ಲ. ಏನು ರಿಪೇರಿ ಮಾಡಿಸುವುದಿದ್ದರೂ ಈಗಲೇ ಆಗಬೇಕು.

ತೊಂದರೆ ಇಷ್ಟು. ಅಂಕೋಲೆ, ಸುಂಕಸಾಳ, ಗುಳ್ಳಾಪುರದವರೆಗೆ ಗಾಡಿ ಚೆಂದ ಹೋಗ್ತದೆ. ಅರಬೈಲ್ ಏರು ಶುರುವಾದ ಕೂಡಲೇ ಪುಲ್ಲಿಂಗ್ (ಎಳೆಯುವ ಶಕ್ತಿ) ಇಲ್ಲ. ಮೊದಲು ಬಂಗಡೆ ಕ್ರೇಟು, ಐಸು ಎಲ್ಲ ಸೇರಿ ಪೂರ್ತಿ ಲೋಡ್ ಇದ್ದರೂ ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಇದು. ಕಳೆದ ಎರಡು ಸೀಸನ್‌ನಿಂದ ಎರಡಕ್ಕೆ ಇಳಿಸದೆ ಆಗುವುದಿಲ್ಲ. ತಿರುವಿನಲ್ಲಿ ಎದುರು ಲಾರಿ ಬಂದು ಒಮ್ಮೆ ನಿಂತರೆ ಮತ್ತೆ ಎಬ್ಬಿಸುವಾಗ ಕ್ಲಚ್ ವಾಸನೆ ಬರ್ತದೆ. ಹಿಂದೆ ಬರುವವರು ಕರಿ ಹೊಗೆ ಬರ್ತಾ ಇದೆ ಅಂತಾರೆ. ಹೀಟ್ ಮುಳ್ಳು ಸರಿ ಇದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸತು. ಇಂಜೆಕ್ಟರ್ ಟೆಸ್ಟ್ ಮಾಡಿಸಿದ್ದೇನೆ, ಸರಿ ಇವೆ ಅಂದರು.

ರಾತ್ರಿ ಹನ್ನೊಂದಕ್ಕೆ ಬಿಟ್ಟರೆ ಬೆಳಗಿನ ಜಾವ ಹರಾಜಿನ ಹೊತ್ತಿಗೆ ಮುಟ್ಟಬೇಕು. ಕಾಲು ಗಂಟೆ ತಡವಾದರೂ ದರ ಇಳಿದಿರ್ತದೆ. ಇದು ನನಗೆ ಶೋಕಿಯ ಮಾತಲ್ಲ, ಹೊಟ್ಟೆಪಾಡು.

ನನ್ನ ತಮ್ಮ ಹೇಳುವುದು, ಇಂಜಿನ್‌ಗೆ ತಣ್ಣನೆ ಗಾಳಿ ಸಾಕಾಗ್ತಾ ಇಲ್ಲ, ಹೊರಗಿನ ಗಾಳಿ ಎಳೆದು ತರುವ ಪೈಪು, ಅಂದರೆ ಕೋಲ್ಡ್ ಏರ್ ಇಂಟೇಕ್ ಹಾಕಿಸು ಅಂತ. ಆನ್‌ಲೈನಿನಲ್ಲಿ ಅಲ್ಯುಮಿನಿಯಂ ಪೈಪು, ಕೋನ್ ಫಿಲ್ಟರ್ ಇರುವ ಸೆಟ್ಟಿಗೆ 16,500 ರೂಪಾಯಿ ತೋರಿಸ್ತಾ ಇದೆ. ಇಲ್ಲಿ ವೆಲ್ಡಿಂಗ್ ಮಾಡುವವರೊಬ್ಬರು ಮೂರಿಂಚಿನ ಸ್ಟೀಲ್ ಪೈಪು ಬಗ್ಗಿಸಿ, ಬಾಯಿ ಬಂಪರಿನ ಹಿಂದೆ ಬರುವ ಹಾಗೆ ಮಾಡಿಕೊಡ್ತೇನೆ, 5,000 ಕೊಡಿ ಅಂದಿದ್ದಾರೆ. ಯಾವುದು ಒಳ್ಳೆಯದು? ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಕೆಎ-31 ಅಡಿಕೆ ಗಾಡಿ, ಶಿರಸಿ
ಜೂನ್ 19

ಅಣ್ಣಾ, ಕೋನ್ ಫಿಲ್ಟರ್ ಹಾಕಿ ಅನುಭವಿಸಿದವ ನಾನು. ಮೂರು ವರ್ಷದ ಹಿಂದಿನ ಮಾತು. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಟ್ಟು, ಎಣ್ಣೆ ಹಚ್ಚುವ ಹತ್ತಿಬಟ್ಟೆ ಫಿಲ್ಟರ್ ಕೂರಿಸಿದೆ. ಬಾನೆಟ್ ಒಳಗೆ ಟರ್ಬೊ ಸೀಟಿ ಜೋರಾಗಿ ಕೇಳ್ತದೆ, ಗಾಡಿ ಓಡ್ತಾ ಇದೆ ಅಂತ ಕಿವಿಗೆ ಅನಿಸ್ತದೆ. ದೇವಿಮನೆ ಘಟ್ಟದಲ್ಲಿ ಕುಮಟೆಯಿಂದ ಮೇಲೆ ಬರುವಾಗ ಗೇರು ಮಾತ್ರ ಮೊದಲು ಎಲ್ಲಿ ಇಳಿಸ್ತಿದ್ದೆನೋ ಅಲ್ಲೇ ಇಳಿಸಬೇಕಾಯ್ತು.

ಬೇಸಿಗೆಯಲ್ಲಿ ತೋಟದ ಕಚ್ಚಾ ರಸ್ತೆಗಳಲ್ಲಿ ಅಡಿಕೆ ತುಂಬುವ ಕೆಲಸ. ಮಾರ್ಚ್ ತಿಂಗಳಲ್ಲಿ ಒಂದು ದಿನ ಫಿಲ್ಟರಿನ ಹಿಂದಿನ ಪೈಪು ಬಿಚ್ಚಿ ಬಿಳಿ ಪಂಚೆಯ ಚೂರಿನಿಂದ ಒಳಗೆ ಒರೆಸಿದೆ. ಕೆಮ್ಮಣ್ಣಿನ ಪುಡಿ, ಬೆರಳಿನ ನಡುವೆ ತಿಕ್ಕಿದರೆ ಜಿಗುಟು, ಅದರೊಳಗೆ ಸಣ್ಣಗೆ ಕರಕರ. ಫಿಲ್ಟರ್ ದಾಟಿ ಬಂದ ಮಣ್ಣು ಅದು! ಟರ್ಬೊ ಬಿಚ್ಚಿ ನೋಡಿದರೆ ಗಾಳಿ ಎಳೆಯುವ ಚಕ್ರದ ಎಲೆಗಳ ಅಂಚು ಸವೆದು ಮೊಂಡಾಗಿತ್ತು. ನನಗೆ ಬಿದ್ದ ಖರ್ಚು 38 ಸಾವಿರ. ಆ ಫಿಲ್ಟರಿನ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೂ ಅಂಟಿ ಒಂದೆರಡು ಸಲ ಮೀಟರಿನಲ್ಲಿ ಇಂಜಿನ್ ಎಚ್ಚರಿಕೆಯ ಲೈಟ್ ಬಂದಿತ್ತು.

ನಮ್ಮ ಮಣ್ಣಿಗೆ ಕಾಗದದ ಫಿಲ್ಟರೇ ಆಗಬೇಕು. ನಿಮ್ಮ ದುಡ್ಡು ಉಳಿಯಲಿ ಅಂತ ಇಷ್ಟು ಬರೆದೆ.


ಕೆಎ-47 ಗ್ಯಾರೇಜ್, ಹೊನ್ನಾವರ
ಜೂನ್ 20

ಕಾರವಾರದವರೇ, ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ಲೋಡಿನಲ್ಲಿ ಕರಿ ಹೊಗೆ ಬರ್ತದೆ ಅಂದರೆ ಒಳಗೆ ಹೋದ ಡೀಸೆಲ್ಲಿಗೆ ಸಾಕಾಗುವಷ್ಟು ಗಾಳಿ ಇಲ್ಲ. ಆದರೆ ಗಾಳಿ ಎಲ್ಲಿ ಕಡಿಮೆಯಾಯ್ತು ಅಂತ ಹುಡುಕದೆ ಪೈಪು ದೊಡ್ಡದು ಮಾಡುವುದು, ಟಾಕಿ ಸೋರುವಾಗ ದೊಡ್ಡ ಪಂಪು ತಂದ ಹಾಗೆ.

ಮೊದಲು ತಣ್ಣನೆ ಗಾಳಿಯ ಲೆಕ್ಕ. ಗಾಳಿ ಬಿಸಿಯಾದಷ್ಟೂ ತೆಳುವಾಗ್ತದೆ. ನಾವು ಓಡಿಸುವ ಹವೆಯಲ್ಲಿ ಮೂರು ಡಿಗ್ರಿ ಏರಿದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಗಾಳಿ ಹೋಯಿತು. ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ ಇಪ್ಪತ್ತು ಡಿಗ್ರಿ ಬಿಸಿ ಇದ್ದರೆ ಆರೇಳು ಪಾಲು. ಪೆಟ್ರೋಲ್ ಗಾಡಿಯಲ್ಲಿ, ಟರ್ಬೊ ಇಲ್ಲದ ಹಳೆ ಡೀಸೆಲ್ಲಿನಲ್ಲಿ ಇದು ನೇರವಾಗಿ ತಟ್ಟುತ್ತದೆ. ನಿಮ್ಮದರಲ್ಲಿ ಟರ್ಬೊ ಒತ್ತಿದ ಮೇಲೆ ಗಾಳಿಯ ಬಿಸಿ ನೂರು ಡಿಗ್ರಿ ದಾಟ್ತದೆ, ಆಮೇಲೆ ಇಂಟರ್‌ಕೂಲರ್ ಅದನ್ನು ತಣಿಸ್ತದೆ. ಹಾಗಾಗಿ ಗಾಳಿ ಒಳಗೆ ಹೋಗುವ ಬಾಯಲ್ಲಿ ಹತ್ತಿಪ್ಪತ್ತು ಡಿಗ್ರಿ ಉಳಿಸಿದರೆ ಕೊನೆಗೆ ಇಂಜಿನ್‌ಗೆ ಸಿಗುವುದು ಅದರಲ್ಲಿ ಸ್ವಲ್ಪ ಮಾತ್ರ. ಇಂಟರ್‌ಕೂಲರ್ ಎಲೆಗಳ ನಡುವೆ ಮಣ್ಣು, ಹುಳ ತುಂಬಿದ್ದರೆ ಅದೂ ಇಲ್ಲ. ಅದನ್ನು ಮೊದಲು ತೊಳೆಯಿರಿ. ಹಿತವಾದ ಒತ್ತಡದಲ್ಲಿ ನೀರು ಬಿಡಿ, ಸರ್ವಿಸ್ ಸ್ಟೇಷನ್ ಗನ್ ಹತ್ತಿರ ಹಿಡಿದರೆ ಎಲೆ ಮಡಚಿಹೋಗ್ತದೆ.

ಇನ್ನೊಂದು ಮಾತು. ನಿಮ್ಮ ಗಾಡಿಗೆ ಕಂಪನಿಯವರೇ ಕೋಲ್ಡ್ ಏರ್ ಇಂಟೇಕ್ ಕೊಟ್ಟಿದ್ದಾರೆ. ಏರ್ ಫಿಲ್ಟರ್ ಡಬ್ಬಿಯಿಂದ ಒಂದು ಕರಿ ಪ್ಲಾಸ್ಟಿಕ್ ಸೊಂಡಿಲು ಹೊರಟು ಮಡ್‌ಗಾರ್ಡಿನ ಮೇಲಿನ ಸಂದಿಗೋ ರೇಡಿಯೇಟರಿನ ಮೇಲ್ಗಡೆಗೋ ಹೋಗಿರಬೇಕು. ಹೊರಗಿನ ಗಾಳಿ ಬರುವುದೇ ಅದರಿಂದ. ಅದು ಇದೆಯಾ ನೋಡಿ. ಎದುರು ಗುದ್ದಿದ ಗಾಡಿಗಳಲ್ಲಿ ಬಹಳ ಸಲ ಅದು ಇರುವುದೇ ಇಲ್ಲ. ಅದು ಇಲ್ಲದಿದ್ದರೂ ಗಾಡಿ ಸ್ಟಾರ್ಟ್ ಆಗ್ತದಲ್ಲ, ಯಾರೂ ವಿಚಾರಿಸುವುದಿಲ್ಲ.

ಆಮೇಲೆ ಎರಡು ಪರೀಕ್ಷೆ. ಫಿಲ್ಟರಿನಿಂದ ಟರ್ಬೊವರೆಗಿನ ಪೈಪು ಗಾಳಿ ಎಳೆಯುವ ಕಡೆ. ಇಂಜಿನ್ ಸ್ಲೋದಲ್ಲಿ ಬಿಟ್ಟು ಒಂದು ಊದಬತ್ತಿ ಹಚ್ಚಿ, ಫ್ಯಾನ್ ಗಾಳಿ ತಾಗದ ಹಾಗೆ ರಟ್ಟು ಅಡ್ಡ ಹಿಡಿದು, ಪೈಪಿನ ಮಡಿಕೆ ಮಡಿಕೆಗೂ ಹಿಡಿಯಿರಿ. ಎಲ್ಲಿ ಸೀಳು ಇದೆಯೋ ಅಲ್ಲಿ ಹೊಗೆ ಒಳಗೆ ನುಗ್ಗುತ್ತದೆ. ಡೀಸೆಲ್ ಸೋರುವ ಗಾಡಿಯಾದರೆ ಬೆಂಕಿ ಹತ್ತಿರ ತರಬೇಡಿ. ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಇಂಜಿನ್‌ವರೆಗಿನದು ಗಾಳಿ ಒತ್ತುವ ಕಡೆ. ಅಲ್ಲಿ ಊದಬತ್ತಿ ಕೆಲಸಕ್ಕೆ ಬಾರದು. ಪೈಪಿನ ಬಾಯಿ ಮುಚ್ಚಿ ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಬೇಕು, ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೇ. 15 ಪೌಂಡಿಗಿಂತ ಜಾಸ್ತಿ ಬಿಡಬಾರದು. ಕ್ಲ್ಯಾಂಪ್ ಹತ್ತಿರ ಎಣ್ಣೆ ಒದ್ದೆ ಕಂಡರೆ ಅನುಮಾನ ಅಲ್ಲಿಂದಲೇ ಶುರು ಮಾಡಿ.

ಈಗ ಬಂಪರ್ ಹಿಂದೆ ಬಾಯಿ ಇಡುವ ಮಾತು. ಅದನ್ನು ಮಾತ್ರ ಮಾಡಿಸಬೇಡಿ. ಕೈ ಮುಗಿದು ಹೇಳ್ತೇನೆ. ನಿಮ್ಮ ಇಂಜಿನ್‌ನ ಒಂದು ಸಿಲಿಂಡರ್ ಸುಮಾರು 625 ಸಿಸಿ. ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಹೆಚ್ಚುಕಡಿಮೆ 37 ಸಿಸಿ. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ನಾಲ್ಕು ಸಲ ಅಳೆದು ಹೊಯ್ದಷ್ಟು. ಅದಕ್ಕಿಂತ ಜಾಸ್ತಿ ನೀರು ಒಂದು ಸಿಲಿಂಡರಿಗೆ ಹೋದರೆ ಸಾಕು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಹೊಳೆ ಉಕ್ಕಿದ ಮೇಲೆ ನನ್ನಲ್ಲಿಗೆ ಟೋ ಮಾಡಿ ತಂದ ಒಂದು ಗಾಡಿಯ ರಾಡು ಇನ್ನೂ ಬೆಂಚಿನ ಮೇಲಿದೆ. ಪಕ್ಕದಲ್ಲಿ ಸರಿ ಇರುವ ರಾಡು ಇಟ್ಟರೆ ಬೆರಳಿನ ಅಗಲ ಗಿಡ್ಡ ಕಾಣ್ತದೆ. ಆ ಹುಡುಗ ನೀರಿನಲ್ಲಿ ಬಂದ್ ಬಿದ್ದ ಮೇಲೆ ನಾಲ್ಕೈದು ಸಲ ಸೆಲ್ಫ್ ಹೊಡೆದಿದ್ದ. ಹೊಡೆಯದೆ ಹಾಗೇ ಬಿಟ್ಟಿದ್ದರೆ ಇಂಜೆಕ್ಟರ್ ಬಿಚ್ಚಿ ಕೈಯಲ್ಲಿ ತಿರುಗಿಸಿ ನೀರು ತೆಗೆದು ಉಳಿಸಲು ನೋಡಬಹುದಿತ್ತು.

ಮಳೆಗಾಲದಲ್ಲಿ ಎನ್‌ಎಚ್ 66ರ ಮೇಲೆ ನೀರು ನಿಲ್ಲುವ ಜಾಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಕರಾವಳಿಯಲ್ಲಿ ಗಾಳಿಯ ಬಾಯಿ ಎಷ್ಟು ತಣ್ಣಗಿದೆ ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದು ದೊಡ್ಡದು.


ಹತ್ತು ಚಕ್ರ, ಅಂಕೋಲಾ
ಜೂನ್ 20

ಹೊನ್ನಾವರದವರ ಮಾತಿಗೆ ಒಂದು ಸೇರಿಸ್ತೇನೆ. ಅದಿರು ಲಾರಿಗಳ ಕಾಲದಲ್ಲಿ ಹೊಸಪೇಟೆಯಿಂದ ಬೇಲೇಕೇರಿ ಬಂದರಿಗೆ ಲಾರಿ ಹೊಡೆದವ ನಾನು. ಆಗ ಅದಿರಿನ ದೂಳಿಗೆ ಅರಬೈಲಿನ ಮರಗಳ ಎಲೆ ಎಲ್ಲ ಕೆಂಪಾಗಿತ್ತು. ಲಾರಿಯ ಗಾಳಿ ಬಾಯಿ ಕ್ಯಾಬಿನ್ ಹಿಂದೆ ಮಾಡಿನವರೆಗೆ ಎತ್ತರ ಹೋಗಿರ್ತದೆ, ನೋಡಿರಬಹುದು. ಅದು ಅಂದಕ್ಕೆ ಅಲ್ಲ. ಮೇಲೆ ದೂಳು ಕಡಿಮೆ, ನೀರು ಇಲ್ಲ, ಇಂಜಿನ್ ಬಿಸಿ ಇಲ್ಲ. ನಮ್ಮಲ್ಲಿ ಫಿಲ್ಟರ್ ಕಟ್ಟಿದೆಯಾ ಅಂತ ತೋರಿಸುವ ಚೋಕ್ ಇಂಡಿಕೇಟರ್ ಇರ್ತದೆ, ಕೆಂಪು ಬಂದರೆ ಮಾತ್ರ ಫಿಲ್ಟರ್ ತೆಗೆಯುವುದು. ಕ್ಲೀನರ್ ಹುಡುಗರು ದಿನಾ ತೆಗೆದು ನೆಲಕ್ಕೆ ಬಡಿದು ಹಾಕ್ತಿದ್ದರು, ಅದರಿಂದಲೇ ಎಷ್ಟೋ ಇಂಜಿನ್ ಹಾಳಾದವು. ಬಡಿದರೆ ಅಂಚಿನ ರಬ್ಬರ್ ಸೊಟ್ಟಗಾಗಿ ಪಕ್ಕದಿಂದ ಮಣ್ಣು ಹೋಗ್ತದೆ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಗೆ, ಮೆಲ್ಲಗೆ.

ತಮಾ, ಒಂದು ಕೇಳ್ತೇನೆ. ಎರಡು ಸೀಸನ್‌ನಿಂದ ಪುಲ್ಲಿಂಗ್ ಇಲ್ಲ ಅಂದೆಯಲ್ಲ. ಎರಡು ವರ್ಷದ ಹಿಂದೆ ಗಾಡಿಗೆ ಏನಾದರೂ ಆಗಿತ್ತಾ?


ಕೆಎ-30 ಮೀನುಗಾಡಿ, ಕಾರವಾರ
ಜುಲೈ 2

ಅಂಕೋಲೆಯ ಅಣ್ಣನ ಪ್ರಶ್ನೆ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಹೌದು, ಆಗಿತ್ತು. ಎರಡು ವರ್ಷದ ಹಿಂದೆ ಕಿರವತ್ತಿ ದಾಟಿದ ಮೇಲೆ ಕತ್ತಲಲ್ಲಿ ಎಮ್ಮೆ ಅಡ್ಡ ಬಂದು ಎದುರಿನ ಬಂಪರ್, ಗ್ರಿಲ್, ಬಲಗಡೆ ಲೈಟ್ ಎಲ್ಲ ಹೋಗಿತ್ತು. ಒಂದು ವರ್ಕ್‌ಶಾಪಿನಲ್ಲಿ ಎಂಟು ದಿನ ನಿಲ್ಲಿಸಿ ಮಾಡಿಸಿದ್ದೆ. ಪೇಂಟ್ ಚೆಂದ ಇತ್ತು, ನಾನು ಬಾನೆಟ್ ಎತ್ತಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟ ಹೊತ್ತು ನೋಡಿ ಬಾನೆಟ್ ಎತ್ತಿದೆ. ಸೊಂಡಿಲು ಇಲ್ಲ! ಡಬ್ಬಿಯ ಬಾಯಿ ಬೋಳಾಗಿ ರೇಡಿಯೇಟರಿನ ಹಿಂಭಾಗಕ್ಕೆ ಮುಖ ಮಾಡಿ ಕೂತಿದೆ. ಎರಡು ವರ್ಷ ನನ್ನ ಇಂಜಿನ್ ರೇಡಿಯೇಟರ್ ಬಿಟ್ಟ ಬಿಸಿ ಉಸಿರನ್ನೇ ಕುಡಿದಿದೆ. ಡಬ್ಬಿಯ ಅಡಿಯಲ್ಲಿ ನೀರು ಹೋಗಲು ಒಂದು ಸಣ್ಣ ರಬ್ಬರ್ ತುಟಿ ಇದೆ, ಅದು ಕೆಸರು ಒಣಗಿ ಅಂಟಿಹೋಗಿತ್ತು. ಕಡ್ಡಿ ಹಾಕಿ ಬಿಡಿಸಿದೆ.

ಬಿಸಿ ಎಷ್ಟು ಅಂತ ಅಳೆಯಬೇಕು ಅನಿಸಿತು. ಮೀನಿನ ಐಸ್ ಬಾಕ್ಸಿಗೆ ಇಡುವ ಡಿಜಿಟಲ್ ಥರ್ಮಾಮೀಟರ್ ನನ್ನಲ್ಲಿ ಇತ್ತು, ಉದ್ದ ವಯರಿನ ತುದಿಯಲ್ಲಿ ಮೊಳೆಯ ಹಾಗೆ ಒಂದು ಲೋಹದ ತುಂಡು. ಆ ತುಂಡನ್ನು ಡಬ್ಬಿಯ ಬಾಯೊಳಗೆ ಟೇಪ್ ಹಾಕಿ ಕಟ್ಟಿ, ವಯರನ್ನು ಕಿಟಕಿಯಿಂದ ಕ್ಯಾಬಿನ್ನಿಗೆ ತಂದೆ. ಅಂಕೋಲೆಯಿಂದ ಹುಬ್ಬಳ್ಳಿಗೆ ತೆಂಗಿನಕಾಯಿ ಬಾಡಿಗೆ ಸಿಕ್ಕಿತ್ತು, ಒಂದು ಟನ್ನಿನ ಮೇಲೆ. ಮಳೆ ರಾತ್ರಿ, ಹೊರಗೆ 25 ಡಿಗ್ರಿ. ಗುಳ್ಳಾಪುರದಲ್ಲಿ ಡಬ್ಬಿಯೊಳಗೆ 36. ಘಟ್ಟದ ನಡುವೆ 47. ಗುಳ್ಳಾಪುರ ಬಿಟ್ಟು, ಘಟ್ಟ ಹತ್ತಿದ ಮೇಲೆ ಸಿಗುವ ಇಡಗುಂದಿ ಮುಟ್ಟಲು 27 ನಿಮಿಷ. ಇದನ್ನೇ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಊದಬತ್ತಿ ಪರೀಕ್ಷೆಯೂ ಮಾಡಿದೆ. ಎಳೆಯುವ ಕಡೆಯ ಪೈಪು ಸರಿ ಇದೆ. ಒತ್ತುವ ಕಡೆ ನೋಡುವಾಗ ಇಂಟರ್‌ಕೂಲರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗ ಎಣ್ಣೆ ಒದ್ದೆ. ಸೋಪಿನ ನೀರು ಇನ್ನೂ ಹಚ್ಚಿಲ್ಲ. ಸೊಂಡಿಲು, ಹೋಸ್ ಎರಡೂ ಒಟ್ಟಿಗೆ ಹೊಸತು ಹಾಕಿಬಿಡಲಾ?


ಕೆಎ-47 ಗ್ಯಾರೇಜ್, ಹೊನ್ನಾವರ
ಜುಲೈ 2

ಬಹಳ ಚೆನ್ನಾಗಿ ಮಾಡಿದಿರಿ. ಥರ್ಮಾಮೀಟರ್ ಕಟ್ಟಿದ್ದು ಕೇಳಿ ಸಂತೋಷವಾಯ್ತು. ಇಷ್ಟು ಶ್ರದ್ಧೆಯಿಂದ ನೋಡುವವರು ಕಡಿಮೆ.

ಎರಡೂ ಒಟ್ಟಿಗೆ ಬೇಡ. ಸೊಂಡಿಲು ಮೊದಲು ಹಾಕಿ, ಅದೇ ಲೋಡ್ ಹಾಕಿ ಅದೇ ಘಟ್ಟ ಹತ್ತಿ ಟೈಮ್ ನೋಡಿ. ಆಮೇಲೆ ಹೋಸ್. ಆಗ ಯಾವುದರಿಂದ ಎಷ್ಟು ಸಿಕ್ಕಿತು ಅಂತ ನಿಮಗೂ ಗೊತ್ತಾಗ್ತದೆ, ಇಲ್ಲಿ ಓದುವವರಿಗೂ ಉಪಕಾರ.

ಸೊಂಡಿಲು ಕಂಪನಿಯದೇ ತನ್ನಿ. ವೆಲ್ಡಿಂಗಿನವರ ಪೈಪಿನಲ್ಲಿ ಇನ್ನೊಂದು ತೊಂದರೆ ಹೇಳಲು ಮರೆತಿದ್ದೆ. ಗಾಳಿ ಅಳೆಯುವ ಸೆನ್ಸರ್ ಕೂರುವುದು ಫಿಲ್ಟರ್ ಆದ ಮೇಲಿನ ಪೈಪಿನಲ್ಲಿ. ಆ ಜಾಗದ ಅಗಲಕ್ಕೆ ತಕ್ಕ ಹಾಗೆ ಕಂಪ್ಯೂಟರ್ ಲೆಕ್ಕ ಹಾಕಿರ್ತದೆ. ಪೈಪು ಅಗಲವಾದರೆ ಹೋಗುವ ಗಾಳಿ ಅಷ್ಟೇ ಇದ್ದರೂ ಸೆನ್ಸರಿಗೆ ಕಡಿಮೆ ಕಾಣ್ತದೆ. ಗಾಳಿ ಕಡಿಮೆ ಅಂತ ಕಂಡರೆ ಕಂಪ್ಯೂಟರ್ ಡೀಸೆಲ್ಲನ್ನೂ ಕಡಿಮೆ ಮಾಡ್ತದೆ. ಆಗ 5,000 ಕೊಟ್ಟು ಪುಲ್ಲಿಂಗ್ ಕಳಕೊಂಡ ಹಾಗೆ.


ಕೆಎ-31 ಅಡಿಕೆ ಗಾಡಿ, ಶಿರಸಿ
ಜುಲೈ 3

ಅಣ್ಣಾ, ಸೊಂಡಿಲಿಗೆ ಶಿರಸಿಯಲ್ಲಿ ನಾನು ವಿಚಾರಿಸಲಾ? ಬಿಡಿಭಾಗದ ಅಂಗಡಿ ನಮ್ಮ ಮನೆ ದಾರಿಯಲ್ಲೇ ಇದೆ. ಕುಮಟೆಗೆ ವಾರಕ್ಕೆ ಎರಡು ಸಲ ಬರ್ತೇನೆ, ಅಲ್ಲಿವರೆಗೆ ತಂದು ಕೊಡ್ತೇನೆ.


ಕೆಎ-30 ಮೀನುಗಾಡಿ, ಕಾರವಾರ
ಸೆಪ್ಟೆಂಬರ್ 14

ತಡವಾಗಿ ಬರೀತಾ ಇದ್ದೇನೆ, ಸೀಸನ್ ಶುರುವಾದ ಮೇಲೆ ಕೂತುಕೊಳ್ಳಲು ಪುರುಸೊತ್ತು ಇರಲಿಲ್ಲ.

ಸೊಂಡಿಲನ್ನು ಶಿರಸಿಯವರೇ ತಂದುಕೊಟ್ಟರು. 640 ರೂಪಾಯಿ. ಕುಮಟೆ ಬಸ್ ಸ್ಟ್ಯಾಂಡ್ ಎದುರು ಸಿಕ್ಕಿದೆವು. ಸೊಂಡಿಲಿನ ದುಡ್ಡು ನಾನು ಕೊಟ್ಟೆ, ಚಾ ದುಡ್ಡು ಮಾತ್ರ ಅವರೇ ಕೊಟ್ಟರು. ಅವರ ಉಪಕಾರ ನಾನು ಮರೆಯುವುದಿಲ್ಲ.

ಜುಲೈ 11ಕ್ಕೆ ಸೊಂಡಿಲು ಒಂದೇ ಹಾಕಿ, ತೆಂಗಿನಕಾಯಿ ಲೋಡಿನಲ್ಲೇ ಹತ್ತಿದೆ. ಹೊರಗೆ 25, ಡಬ್ಬಿಯೊಳಗೆ 31. ಹದಿನಾರು ಡಿಗ್ರಿ ಇಳಿಯಿತು. ಆದರೆ ಇಡಗುಂದಿಗೆ 26 ನಿಮಿಷ. ಒಂದೇ ನಿಮಿಷ ಕಡಿಮೆ. ಅದೂ ಎದುರು ಲಾರಿ ಕಡಿಮೆ ಇದ್ದದ್ದಕ್ಕೆ ಇರಬಹುದು. ನಿಜ ಹೇಳಬೇಕೆಂದರೆ ನನಗೆ ಬೇಸರವಾಯ್ತು. ಎರಡನೇ ಗೇರು ತಪ್ಪಲಿಲ್ಲ.

ಆಮೇಲೆ ಹೋಸಿಗೆ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿದೆವು. ಮೇಲಿನಿಂದ ಏನೂ ಇಲ್ಲ. ನನ್ನ ತಮ್ಮ ಗಾಡಿಯ ಅಡಿ ಮಲಗಿ ಟಾರ್ಚ್ ಹಾಕಿದ. ಕ್ಲ್ಯಾಂಪಿನಿಂದ ಎರಡು ಬೆರಳು ಈಚೆಗೆ, ಮಡಿಕೆಯ ಒಳಗೆ ಉಗುರಿನಷ್ಟು ಉದ್ದದ ಸೀಳು. ಸುಮ್ಮನೆ ನೋಡಿದರೆ ಗೆರೆ ಎಳೆದ ಹಾಗೆ ಕಾಣ್ತದೆ. ಗಾಳಿ ಬಿಟ್ಟ ಕೂಡಲೇ ತುಟಿಯ ಹಾಗೆ ತೆರೆದುಕೊಂಡು ನೊರೆ ಉಕ್ಕಿ ಅವನ ಮುಖಕ್ಕೇ ಸಿಡಿಯಿತು. ಗಾಳಿ ನಿಲ್ಲಿಸಿದರೆ ಮತ್ತೆ ಮುಚ್ಚಿಕೊಳ್ತದೆ. ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ. ಘಟ್ಟದ ಕೆಳಗಿನ ಸಮ ರಸ್ತೆಯಲ್ಲಿ ಟರ್ಬೊ ಅಷ್ಟು ಜೋರಾಗಿ ಒತ್ತುವುದಿಲ್ಲ, ಸೀಳು ಬಾಯಿ ಬಿಡುವುದಿಲ್ಲ. ಘಟ್ಟದಲ್ಲಿ ಟರ್ಬೊ ಪೂರ್ತಿ ಒತ್ತಿದಾಗಲೇ ಬಿಡುವುದು.

ಹೊಸ ಹೋಸ್ 1,150, ಎರಡು ಸ್ಟೇನ್‌ಲೆಸ್ ಕ್ಲ್ಯಾಂಪ್ 180. ಇಂಟರ್‌ಕೂಲರ್ ತೊಳೆದೆವು. ಜುಲೈ 20ಕ್ಕೆ ಮತ್ತೆ ತೆಂಗಿನಕಾಯಿ, ಮತ್ತೆ ಅರಬೈಲ್. 22 ನಿಮಿಷ! ಮೂರನೇ ಗೇರಿನಲ್ಲೇ. ಎರಡೇ ಎರಡು ತಿರುವಿನಲ್ಲಿ ಎರಡಕ್ಕೆ ಹಾಕಿದೆ, ಅದೂ ಎದುರು ಬಸ್ಸಿಗೆ ಜಾಗ ಬಿಡಲು. ಹಿಂದೆ ಬಂದವರಿಗೆ ಯಲ್ಲಾಪುರದಲ್ಲಿ ಕೇಳಿದೆ, ಕರಿ ಹೊಗೆ ಕಾಣಲಿಲ್ಲ ಅಂದರು.

ತಮ್ಮನಿಗೆ ಸೊಂಡಿಲಿನ ಪಕ್ಕ ಇಂಜಿನ್ ಬಿಸಿ ತಡೆಯುವ ಒಂದು ಅಡ್ಡ ತಗಡು ಬೇಕೇ ಬೇಕು ಅಂತ ಆಸೆ ಇತ್ತು. ಅಷ್ಟು ದಿನ ನನ್ನ ಜೊತೆ ಗಾಡಿ ಅಡಿ ಮಲಗಿದವ, ಬೇಡ ಅನ್ನಲಿಲ್ಲ. ಅಲ್ಯುಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಕೂರಿಸಿ ಮಾಡಿದ. ಡಬ್ಬಿಯ ಬಿಸಿ 31ರಿಂದ 29ಕ್ಕೆ ಬಂದಿದೆ.

ಆದರೆ ಮೊನ್ನೆ ನೋಡಿದರೆ ತಗಡಿನ ಕೆಳಗಿನ ಅಂಚಿಗೆ ಬಿಳಿ ಪುಡಿ ಕಟ್ಟಿದೆ, ಸ್ಕ್ರೂ ಇರುವಲ್ಲಿ ತೂತು ಅಗಲವಾಗಿದೆ. ಬಂದರಿನ ಉಪ್ಪು ಗಾಳಿ, ಮೀನಿನ ನೀರು. ಒಂದೂವರೆ ತಿಂಗಳೂ ತಡೆಯಲಿಲ್ಲ. ಹೊನ್ನಾವರದವರೇ, ಅದೇ ಅಳತೆಗೆ ನೀಲಿ ಡ್ರಮ್ಮಿನ ಪ್ಲಾಸ್ಟಿಕ್ ಕತ್ತರಿಸಿ ಹಾಕಿದರೆ ಬಿಸಿಗೆ ಬಗ್ಗುತ್ತದಾ? ಸೈಲೆನ್ಸರ್ ಇರುವುದು ಆಚೆ ಬದಿಗೆ, ಈ ಜಾಗಕ್ಕೆ ಮುಕ್ಕಾಲು ಮೊಳ ದೂರ ಇದೆ.